ಪರಸಪ್ಪ ದೊರೆಯ ಆನೆ, ನಂಜಪ್ಪನ ಆನೆ

ಹುಣಸನಪಲ್ಲಿಯಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಒಬ್ಬರೂ ಇರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ. ಆ ಕಾಲದಲ್ಲಿ ಊರಿನವರಿಗೆ ರಾಗಿ ಹೊಲಕ್ಕೆ ನುಗ್ಗುವ ಆನೆಗಳನ್ನು ಓಡಿಸುವುದರಲ್ಲೇ ಸಾಕುಸಾಕಾಗುತ್ತಿತ್ತು, ಬ್ರಿಟಿಷರನ್ನು ಓಡಿಸಲು ಪುರುಸೊತ್ತು ಸಿಗಲಿಲ್ಲ. ಆದರೆ ವರ್ಷಕ್ಕೊಮ್ಮೆ ಆಗಸ್ಟ್ ಹದಿನೈದು ಬರುತ್ತದಲ್ಲ, ಶಾಲೆಯಲ್ಲಿ ಬಾವುಟದ ಹಗ್ಗ ಎಳೆಯಲು ಯಾರಾದರೂ ಒಬ್ಬರು ದೊಡ್ಡವರು ಬೇಕಲ್ಲ. ಊರು ಇದ್ದವರಲ್ಲೇ ಸೋಸಿ ನಂಜಪ್ಪನವರನ್ನು ಆರಿಸಿಕೊಂಡಿತ್ತು.

ನಂಜಪ್ಪನವರ ಯೋಗ್ಯತೆ ಏನೆಂದರೆ, ಅವರು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಊರಿನ ಹಲಸಿನ ತೋಪಿನಲ್ಲಿ ಒಬ್ಬ ದೊರೆ ಡೇರೆ ಹಾಕಿದ್ದ. ಭೂಮಿ ಅಳೆಯಲು ಬಂದವನು. ಜೊತೆಗೆ ದೊರೆಸಾನಿ ಮತ್ತು ಏಳು ವರ್ಷದ ಒಬ್ಬ ಮಗ. ಮಗನ ಹೆಸರು ಪರ್ಸಿ. ಊರಿನವರ ಬಾಯಲ್ಲಿ ಎರಡೇ ದಿನಕ್ಕೆ ಅವನು ಪರಸಪ್ಪ ದೊರೆ ಆದ. ಅವನನ್ನು ಆಡಿಸಲು ನಂಜಪ್ಪನನ್ನು ಇಟ್ಟುಕೊಂಡರು. ಒಂದು ಬೆಳಿಗ್ಗೆ ತೋಪಿಗೆ ಒಂಟಿ ಸಲಗ ನುಗ್ಗಿತು. ಡೇರೆಯ ಜವಾನರೆಲ್ಲ ಕಿತ್ತುಕೊಂಡು ಓಡಿದರು. ನಂಜಪ್ಪ ಮಾತ್ರ ಒಂದು ಹುಣಸೆ ಕೋಲು ಹಿಡಿದು ಸಲಗದ ಎದುರು ನಿಂತು "ಹೋಗ್ಲಾ" ಅಂದರಂತೆ. ಆನೆ ಹೋಯಿತಂತೆ. ದೊಡ್ಡ ದೊರೆ ಓಡಿ ಬಂದು ನಂಜಪ್ಪನ ಕಾಲಿಗೆ ಬಿದ್ದನಂತೆ. ಬಿಳಿಯರ ವಿರುದ್ಧ ಹೋರಾಡದಿದ್ದರೇನಂತೆ, ಬಿಳಿಯನನ್ನು ಕಾಲಿಗೆ ಬೀಳಿಸಿಕೊಂಡಿದ್ದರಲ್ಲ! ಊರಿಗೆ ಅಷ್ಟು ಸಾಕಾಗಿತ್ತು.

ನಾನು ಶ್ಯಾಮಲಮ್ಮ. ಕೆಲಮಂಗಲದಿಂದ ದಿನಾ ಬಸ್ಸಿನಲ್ಲಿ ಬಂದು ಆ ಕನ್ನಡ ಶಾಲೆಯ ಐದೂ ತರಗತಿಗೆ ಒಬ್ಬಳೇ ಪಾಠ ಹೇಳುತ್ತಿದ್ದವಳು. ನನಗೆ ಮೂಗಿನ ತುದಿಯಲ್ಲಿ ಕೋಪ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೋಪಕ್ಕೆ ಒಂದು ಕಾರಣ ಪಠ್ಯಪುಸ್ತಕ. ಎಲ್ಲೆಲ್ಲಿಯೋ ರಾಜರು, ಎಲ್ಲೆಲ್ಲಿಯೋ ನದಿಗಳು. ನಮ್ಮ ಮಕ್ಕಳ ಊರು, ಹೊಲ, ಆನೆ ಒಂದು ಸಾಲಿನಲ್ಲೂ ಇಲ್ಲ. ಊರು ತಮಿಳು ಸೀಮೆಗೆ ಸೇರಿದ್ದು, ಆಡುವ ಮಾತು ಕನ್ನಡ. ಕೃಷ್ಣಗಿರಿಗೆ ಹೋದರೆ "ನೀವು ಕನ್ನಡದವರಾ?" ಅನ್ನುತ್ತಾರೆ, ಬೆಂಗಳೂರಿಗೆ ಹೋದರೆ "ಕನ್ನಡ ಚೆನ್ನಾಗಿ ಕಲ್ತಿದ್ದೀರಿ" ಅನ್ನುತ್ತಾರೆ. ಇಂಥ ಮಕ್ಕಳಿಗೆ ತಮ್ಮದೇ ಒಂದು ಕಥೆ ಬೇಡವೇ? ಹಾಗಂತ ನಾನೇ ನಂಜಪ್ಪನವರ ಪರಾಕ್ರಮವನ್ನು ಇಪ್ಪತ್ತು ನಿಮಿಷದ ನಾಟಕ ಮಾಡಿ ಬರೆದಿದ್ದೆ. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಅದೇ ನಾಟಕ. ಇಬ್ಬರು ಮಕ್ಕಳು ಗೋಣಿಚೀಲ ಹೊದ್ದು ಆನೆಯಾಗುತ್ತಿದ್ದರು. ಹುಡುಗ ನಂಜಪ್ಪ ಚಡ್ಡಿಯ ಜೇಬಿನಿಂದ ತ್ರಿವರ್ಣ ಧ್ವಜ ತೆಗೆದು ಆಡಿಸಿದಾಗ ಆನೆ ಸೊಂಡಿಲೆತ್ತಿ ಸಲಾಂ ಹೊಡೆಯುತ್ತಿತ್ತು. ಹುಣಸೆ ಕೋಲಿನ ಜಾಗದಲ್ಲಿ ಧ್ವಜ ತಂದದ್ದು ನಾನೇ. ನಾಟಕ ಅಂದಮೇಲೆ ಸ್ವಲ್ಪ ಒಗ್ಗರಣೆ ಬೇಕಾಗುತ್ತದೆ.

ನಾಟಕ ಮುಗಿದ ಮೇಲೆ ನಿಜವಾದ ನಂಜಪ್ಪನವರು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದು ಹಗ್ಗ ಎಳೆಯುವರು. ಅವರ ಹೆಂಡತಿ ಭದ್ರಮ್ಮನವರು ಆ ಅಂಗಿಯನ್ನು ವಾರ ಮುಂಚೆಯೇ ಒಗೆದು, ಬಿಸಿ ಚೊಂಬಿನಿಂದ ಉಜ್ಜಿ ಇಡುತ್ತಿದ್ದರು. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಸೆಗಣಿ, ಗೊಬ್ಬರ, ರಾಗಿ ಹೊಲ. ಅದೊಂದು ದಿನ ಮಾತ್ರ ಅವರು ನಂಜಪ್ಪ ಅಲ್ಲ, ನಂಜಪ್ಪನವರು. ಹಗ್ಗ ಎಳೆಯುವಾಗ ಅವರ ಮುಖ ನೋಡಿದವರಿಗೆ ಅದನ್ನು ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ.

ಮನಸ್ಸು ಬರುತ್ತಿದ್ದವರು ಒಬ್ಬರೇ, ಪಕ್ಕದ ಕಂಬಳಿಸಂದ್ರದ ಜಯರಾಮಯ್ಯ. ಶಾಲೆ ಎರಡೂ ಊರಿಗೆ ಸೇರಿದ್ದು. ಜಯರಾಮಯ್ಯ ಕೃಷ್ಣಗಿರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತರಾದವರು, ಇಂಗ್ಲಿಷ್ ಬಲ್ಲವರು, ಮಾತಿಗೊಮ್ಮೆ "ಆಧಾರ ಬೇಕು" ಅನ್ನುವವರು. ಅಲ್ಲದೆ ನಲವತ್ತೆರಡನೇ ಇಸವಿಯಲ್ಲಿ ಹನ್ನೊಂದು ದಿನ ಜೈಲಿನಲ್ಲಿದ್ದು ಬಂದವರು. "ಜೈಲಿಗೆ ಹೋದೋನು ಬೆಂಚಿನ ಮೇಲೆ, ಆನೆ ಓಡ್ಸಿದೋನು ಕಂಬದ ಹತ್ರ. ಇದ್ಯಾವ ನ್ಯಾಯ ಟೀಚರಮ್ಮ?" ಎಂದು ಪ್ರತಿ ವರ್ಷ ನನ್ನನ್ನು ಕೇಳುತ್ತಿದ್ದರು. ನಾನು ಪ್ರತಿ ವರ್ಷ ಅವರಿಗೆ ಎರಡು ಪೆಪ್ಪರಮೆಂಟು ಹೆಚ್ಚಾಗಿ ಕೊಟ್ಟು ಸುಮ್ಮನಿರಿಸುತ್ತಿದ್ದೆ.

ಹೀಗಿರುವಾಗ ಎಪ್ಪತ್ತೊಂಬತ್ತನೇ ಇಸವಿ ಜುಲೈನಲ್ಲಿ ಒಂದು ಪಾರ್ಸೆಲ್ ಬಂತು.

ಇಂಗ್ಲೆಂಡಿನಿಂದ ಬಂದದ್ದು. ಮೇಲೆ ಇಂಗ್ಲಿಷಿನಲ್ಲಿ "ನಂಜಪ್ಪ, ಹಲಸಿನ ತೋಪಿನ ಪಕ್ಕ, ಹುಣಸನಪಲ್ಲಿ, ಕೆಲಮಂಗಲದ ಹತ್ತಿರ" ಎಂದು ಬರೆದಿತ್ತು. ಇಂಗ್ಲಿಷ್ ಕಂಡೊಡನೆ ಪೋಸ್ಟಿನವನು ಅದನ್ನು ಶಾಲೆಗೆ ತಂದು ನನ್ನ ಮೇಜಿನ ಮೇಲೆ ಹಾಕಿ ಕೈ ತೊಳೆದುಕೊಂಡ. ಸುತ್ತಿದ ಕಾಗದ ಹರಿದು ಒಳಗಿನ ಪುಸ್ತಕ ಇಣುಕುತ್ತಿತ್ತು. ಪುಸ್ತಕದೊಳಗೆ ಅಂಟು ಹಾಕಿದ ಒಂದು ಲಕೋಟೆಯೂ ಇತ್ತು, ಮೇಲೆ ಕಳಿಸಿದವನ ಹೆಸರು ಪರ್ಸಿ ಎಂದಿತ್ತು. ಲಕೋಟೆಯನ್ನು ನಾನು ಮುಟ್ಟಲಿಲ್ಲ, ನನ್ನ ತಾಯಿಯ ಆಣೆ. ಪುಸ್ತಕವನ್ನು ಮಾತ್ರ ಮನೆಗೆ ಹೋಗುವಾಗ ಬಸ್ಸಿನಲ್ಲಿ ಓದಿದೆ.

ಮಕ್ಕಳ ಕಥೆ ಪುಸ್ತಕ. ಬರೆದವಳು ಆ ದೊರೆಸಾನಿ. ಹೆಸರನ್ನು ಕನ್ನಡಕ್ಕೆ ತಂದರೆ "ಪುಟ್ಟ ಪರ್ಸಿಯ ಪರಾಕ್ರಮ" ಎಂದಾಗುತ್ತದೆ. ಅದರಲ್ಲಿ ಆನೆ ಬರುತ್ತದೆ. ಸೇವಕರೆಲ್ಲ ಓಡುತ್ತಾರೆ. ನಂಜಿ ಎಂಬ ಆಳು ಹುಡುಗ ಗಡಗಡ ನಡುಗುತ್ತಾ ಆಲದ ಮರ ಹತ್ತಿ ಕೂತು ದೇವರನ್ನು ಕೂಗುತ್ತಾನೆ. ಏಳು ವರ್ಷದ ಪರ್ಸಿ ಜೇಬಿನಿಂದ ತನ್ನ ರಾಜನ ಬಾವುಟ ತೆಗೆದು ಆಡಿಸುತ್ತಾನೆ. ಆನೆ ಮಂಡಿಯೂರಿ ನಮಸ್ಕಾರ ಮಾಡಿ ಹೋಗುತ್ತದೆ. "ಈ ದೇಶದ ಮೃಗಗಳಿಗೂ ತಿಳಿದಿದೆ ಯಾರು ಆಳಬೇಕೆಂದು" ಎಂಬುದು ಕಡೆಯ ವಾಕ್ಯ.

ನನಗೆ ಬಂದ ಸಿಟ್ಟಿಗೆ ಬಸ್ಸು ಕೆಲಮಂಗಲದಲ್ಲಿ ನಿಂತದ್ದೇ ಗೊತ್ತಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಎರಡು ಮೈಲಿ ವಾಪಸು ನಡೆದೆ. ದಾರಿಯುದ್ದಕ್ಕೂ ಆ ದೊರೆಸಾನಿಗೆ ಬೈದೆ. ಆನೆಗೇನು ಬಾವುಟ ಗೊತ್ತು? ಎಂಥ ಸುಳ್ಳುಬುರುಕಿ!

ಮಾರನೆಯ ದಿನ ಊಟದ ಬಿಡುವಿನಲ್ಲಿ, ಪೋಸ್ಟಿನವನಿಂದ ಸುದ್ದಿ ಕೇಳಿ, ನಂಜಪ್ಪನವರು ಶಾಲೆಯ ಬಾಗಿಲಲ್ಲಿ ಬಂದು ನಿಂತರು. ಟವೆಲ್ಲನ್ನು ಹಿಂಡುತ್ತಿದ್ದರು.

"ಅದ್ರಲ್ಲಿ ನನ್ ಇಸ್ಯ ಏನಾರ ಬರ್ದವ್ರಾ ಟೀಚರಮ್ಮ?"

"ಏನೋ ಬರೆದಿದ್ದಾರೆ ನಂಜಪ್ಪನವರೇ. ಸುಡುಗಾಡು. ತಲೆಗೆ ಹಚ್ಚಿಕೊಳ್ಳಬೇಡಿ."

"ಮರ ಹತ್ದೆ ಅಂತ ಬರ್ದವ್ರಾ?"

ನಾನು ಪುಸ್ತಕವನ್ನು ಮೇಜಿನ ಖಾನೆಗೆ ತಳ್ಳಿದೆ. ಅವರು ಬಾವುಟದ ಕಂಬವನ್ನು ನೋಡಿದರು. "ಹಂಗಾದ್ರೆ ಹಗ್ಗ ಹೋಯ್ತು ಅನ್ನಿ," ಎಂದು ಹೊರಟುಹೋದರು. ಇಷ್ಟು ಸುಳ್ಳು ಬರೆದಿದ್ದಾರೆ, ಈ ಮನುಷ್ಯನಿಗೆ ಸಿಟ್ಟು ಯಾಕೆ ಬರಲಿಲ್ಲ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಸಿಟ್ಟೆಲ್ಲ ನನ್ನ ಹತ್ತಿರವೇ ಇತ್ತಲ್ಲ.

ಪುಸ್ತಕವನ್ನು ಒಲೆಗೆ ಹಾಕಬಹುದಿತ್ತು. ಆದರೆ ಹುಣಸನಪಲ್ಲಿಯ ಪದ್ಧತಿ ಹಾಗಲ್ಲ. ಹೊರಗಿನಿಂದ ಯಾರಿಗೇ ಕಾಗದ ಬರಲಿ, ಅದನ್ನು ಅರಳಿಕಟ್ಟೆಯ ಮೇಲೆ ಎಲ್ಲರ ಎದುರು ಒಡೆದು ಓದಬೇಕು. ಓದು ಬಲ್ಲವರು ಒಬ್ಬಿಬ್ಬರೇ ಇದ್ದ ಕಾಲದಲ್ಲಿ, ಓದಿದವನು ಮೋಸ ಮಾಡದಿರಲಿ ಎಂದು ಮಾಡಿಕೊಂಡ ಕಟ್ಟುಪಾಡು. ಶುರು ಮಾಡಿದ್ದನ್ನು ಅರ್ಧಕ್ಕೆ ನಿಲ್ಲಿಸುವಂತೆಯೂ ಇಲ್ಲ. ನಿಲ್ಲಿಸಿದರೆ ಬರೆದವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ಸೊಸೆಯನ್ನು ಬೈದು ಬರೆದ ಕಾಗದಗಳನ್ನು ಸೊಸೆಯೇ ಕೂತು ಕಡೆಯವರೆಗೆ ಕೇಳಿದ್ದಾಳೆ. ಮೇಲಾಗಿ ಪೋಸ್ಟಿನವನು ಸಂತೆಯಲ್ಲಿ ಬಾಯಿ ಬಿಟ್ಟಿದ್ದ. ಭಾನುವಾರ ಬೆಳಿಗ್ಗೆ ಕಂಬಳಿಸಂದ್ರದವರೂ ಬಂದು ಕೂತಿದ್ದರು. ಮುಂದಿನ ಸಾಲಿನಲ್ಲಿ ಜಯರಾಮಯ್ಯ, ಕನ್ನಡಕ ಒರೆಸಿಕೊಳ್ಳುತ್ತಾ.

"ಒಂದೇ ಮಾತು," ಎಂದರು ಅವರು. "ಬುಕ್ಕಲ್ಲಿ ನಂಜಪ್ಪ ಆನೆ ಓಡ್ಸಿದ ಅಂತ ಇದ್ರೆ, ನಾನು ಸಾಯೋಗಂಟ ಹಗ್ಗದ ಇಸ್ಯ ಎತ್ತಲ್ಲ. ಇಲ್ಲ ಅಂತಿದ್ರೆ, ಈ ಸಲ ಹಗ್ಗ ನಂದು. ಒಪ್ಪಿಗೇನಾ?"

ಊರಿನವರು ಹುರುಪಿನಲ್ಲಿ "ಒಪ್ಗೆ, ಒಪ್ಗೆ" ಎಂದುಬಿಟ್ಟರು. ನಂಜಪ್ಪನವರ ಪಕ್ಕದಲ್ಲಿ ಭದ್ರಮ್ಮನವರು ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು.

ನಾನು ಓದಲು ಶುರು ಮಾಡಿದೆ. ಇಂಗ್ಲಿಷ್ ಸಾಲನ್ನು ಕಣ್ಣಲ್ಲಿ ಓದಿ ಕನ್ನಡದಲ್ಲಿ ಹೇಳುವುದು. ಆನೆ ಬರುವವರೆಗೂ ಸರಿಯಾಗಿಯೇ ಹೇಳಿದೆ. ಆಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಆಗ ನಂಜಿ ಎಂಬ ಧೈರ್ಯಶಾಲಿ ಹುಡುಗ, ಆನೆ ಎಷ್ಟು ದೂರದಲ್ಲಿದೆ ಎಂದು ನೋಡುವುದಕ್ಕೋಸ್ಕರ ಮರ ಹತ್ತಿದನು."

"ನಿಲ್ಸಿ," ಎಂದರು ಜಯರಾಮಯ್ಯ. ಎದ್ದು ಬಂದು ಪುಸ್ತಕ ಇಣುಕಿದರು. "ನೋಡೋಕೆ ಹತ್ತಿದೋನು ಕಣ್ ಯಾಕ್ ಮುಚ್ಕೊಂಡವ್ನೆ? ಪಟ ನೋಡ್ರಪ್ಪಾ, ಪಟ ನೋಡಿ!"

ಪುಟದ ತುಂಬ ಚಿತ್ರ. ಮರದ ಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದು ನಂಜಿ. ಕೆಳಗೆ ಬಾವುಟ ಹಿಡಿದ ಪರ್ಸಿ. ಎದುರಿಗೆ ಮಂಡಿಯೂರಿದ ಆನೆ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಕಂಬಳಿಸಂದ್ರದ ಕಡೆ ಕಿಸಿಕಿಸಿ ನಗು ಎದ್ದಿತು. ನಮ್ಮವರು ತಲೆ ತಗ್ಗಿಸಿದರು.

ಪುಸ್ತಕ ಕಡೆಗೆ ಮುನಿಕೃಷ್ಣಪ್ಪನ ಕೈಗೆ ಬಂತು. ಇವನು ಮೂವತ್ತು ವರ್ಷದಿಂದ ಹೊಲದ ಅಟ್ಟಣೆ ಮೇಲೆ ಕೂತು ತಗಡು ಬಡಿದು ಆನೆ ಕಾಯುವವನು. ಆನೆಗಳನ್ನು ಹೆಸರಿಟ್ಟು ಬೈಯುವವನು. ಅವನು ನಂಜಿಯ ಕಡೆ ನೋಡಲೇ ಇಲ್ಲ. ಆನೆಯನ್ನೇ ನೋಡಿದ. ಪುಸ್ತಕ ತಿರುಗಿಸಿ ನೋಡಿದ. ದೂರ ಹಿಡಿದು ನೋಡಿದ.

"ಇದ್ಯಾವೂರ್ ಆನೆ?" ಎಂದ.

"ಯಾವೂರದ್ದು ಅಂದ್ರೆ? ನಿಮ್ಮೂರದ್ದೇ," ಎಂದರು ಜಯರಾಮಯ್ಯ.

"ನಮ್ದಲ್ಲ ಬುಡಿ. ಕಿವಿ ನೋಡಿ, ಮೊರ ಇದ್ದಂಗೈತೆ. ನಮ್ ಕಾಡಿನ್ ಆನೇಗೆ ಇಷ್ಟ್ ದೊಡ್ ಕಿವಿ ಎಲ್ಲೈತೆ? ಬೆನ್ನು ನೋಡಿ, ಮಧ್ಯದಲ್ಲಿ ತಗ್ಗಾಗೈತೆ. ನಮ್ದಕ್ಕೆ ಬೆನ್ನು ಮ್ಯಾಲಕ್ಕೆ ಉಬ್ಬಿರ್ತದೆ. ಇದು ನಮ್ ಕಡೀದಲ್ಲ. ಇದನ್ನ ನಾನ್ ಕಂಡೇ ಇಲ್ಲ."

ಎಲ್ಲರೂ ಮೇಲೆ ಬಿದ್ದು ನೋಡಿದರು. ಆನೆಯ ವಿಷಯದಲ್ಲಿ ಆ ಎರಡು ಊರಿನಲ್ಲಿ ಪಂಡಿತರಲ್ಲದವರು ಯಾರೂ ಇಲ್ಲ. ಕಂಬಳಿಸಂದ್ರದವರೂ ಕಿವಿಯ ವಿಷಯ ಒಪ್ಪಬೇಕಾಯಿತು. ಅಷ್ಟರಲ್ಲಿ ಕದಿರಮ್ಮ ಎಂಬ ಮುದುಕಿ ಚಿತ್ರದ ಮೂಲೆಗೆ ಬೆರಳಿಟ್ಟು, "ಇದೇನ್ರೀ, ಇಲ್ಲಿ ಒಂಟೆ ನಿಂತೈತೆ!" ಎಂದಳು. ನಿಜ. ಹಿಂದುಗಡೆ ದೂರದಲ್ಲಿ ಒಂದು ಒಂಟೆ ನಿಂತು ಎಲೆ ಮೇಯುತ್ತಿತ್ತು.

"ನಮ್ ತೋಪಲ್ಲಿ ಒಂಟೆ!" ಮುನಿಕೃಷ್ಣಪ್ಪ ತೊಡೆ ತಟ್ಟಿದ. "ಒಂಟೆ ಸುಳ್ಳು, ಆನೆ ಸುಳ್ಳು, ಮರವೂ ಸುಳ್ಳು. ಆ ತೋಪಲ್ಲಿ ಆಲದ ಮರ ಯಾವತ್ತಿತ್ತು? ಹಂಗಾದ್ ಮ್ಯಾಲೆ ಮರದ್ ಮ್ಯಾಲಿನ್ ನಂಜಪ್ಪ ಹೆಂಗ್ ನಿಜ ಆದಾನು?"

ಊರು ಹೋ ಎಂದು ಎದ್ದು ನಿಂತಿತು. ನಾನೂ ಎದ್ದೆ. ಗೆದ್ದಿದ್ದೆವು. ಕಟ್ಟೆಯ ಮೇಲಿಂದ ನಾನು ಒಂದು ಭಾಷಣವನ್ನೇ ಬಿಗಿದೆ. "ನೋಡಿದಿರಾ? ನಮ್ಮನ್ನು ಆಳಿದವರು ತಮ್ಮ ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ. ನಾವು ಹೇಡಿಗಳು, ಅವರು ಶೂರರು. ಆನೆಯಂತೆ, ಬಾವುಟ ಕಂಡು ಮಂಡಿಯೂರಿತಂತೆ! ಆನೆಗೆ ಆ ಬಾವುಟ ಯಾರದೆಂದು ಹೇಗೆ ತಿಳಿಯಬೇಕು? ಇಷ್ಟು ಹಸಿ ಸುಳ್ಳನ್ನು ಮಕ್ಕಳ ತಲೆಗೆ ತುಂಬಲು ನಾಚಿಕೆ ಬೇಡವೇ?"

ಐದನೇ ತರಗತಿಯ ಮಂಗಮ್ಮ ಕೈ ಎತ್ತಿದಳು. ಹೋದ ವರ್ಷ ಆನೆಯ ಮುಂದಿನ ಕಾಲಾಗಿದ್ದ ಹುಡುಗಿ.

"ಟೀಚರ್, ನಮ್ ನಾಟಕದಲ್ಲೂ ಆನೆ ಬಾವುಟ ನೋಡಿ ಸಲಾಂ ಹೊಡೀತದಲ್ಲ ಟೀಚರ್. ನಾನೇ ಹೊಡ್ದಿದ್ದೆ. ಅದ್ಕೆಂಗ್ ಗೊತ್ತಾಯ್ತು ಟೀಚರ್?"

ಆ ದೊರೆಸಾನಿಯೂ ನಾನೂ ಒಂದೇ ಆನೆಯನ್ನು, ಒಂದೇ ಜೇಬನ್ನು ಇಟ್ಟುಕೊಂಡು ಬರೆದಿದ್ದೆವು. ಬಾವುಟ ಮಾತ್ರ ಬೇರೆ. ಎರಡು ಮೈಲಿ ನಡೆದು ಅವಳಿಗೆ ಬೈದ ಬೈಗುಳವೆಲ್ಲ ಒಂದೊಂದಾಗಿ ನನ್ನ ಮನೆಗೇ ಬಂದು ಬಾಗಿಲು ತಟ್ಟಿದವು. ನನಗೆ ತುಂಬಾ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಇನ್ನೂ ಕೋಪ ಬರುತ್ತದೆ.

"ಆಧಾರ ಬೇಕು," ಎಂದರು ಜಯರಾಮಯ್ಯ ಮೆಲ್ಲಗೆ. "ಬುಕ್ಕೂ ಸುಳ್ಳು, ನಾಟಕಾನೂ ಸುಳ್ಳು. ನಿಜ ಎಲ್ಲೈತೆ ಟೀಚರಮ್ಮ?"

"ಬಾವುಟ ನಾನು ಸೇರಿಸಿದ್ದು, ಒಪ್ಪಿದೆ," ಎಂದು ಅರಚಿದೆ. "ಮಿಕ್ಕಿದ್ದು ನಂಜಪ್ಪನವರ ಬಾಯಿಂದ ಕೇಳಿ ಬರೆದದ್ದು. ಅದರಲ್ಲಿ ಒಂದಕ್ಷರ ಸುಳ್ಳಾಗಿದ್ದರೆ ನಾಳೆಯಿಂದ ನಾನು ಈ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ವರ್ಗ ಕೇಳಿಕೊಂಡು ಹೋಗುತ್ತೇನೆ!"

"ಆಯ್ತು. ಇನ್ನೊಂದ್ ಕವರ್ ಐತಲ್ಲ, ಒಡೀರಿ. ಅದು ಪರಸಪ್ಪ ದೊರೆ ಕೈಯಾರ ಬರ್ದಿರೋದು. ನೋಡೇಬುಡೋಣ."

ನಾನು ಲಕೋಟೆಗೆ ಕೈ ಹಾಕಿದೆ.

"ತಡೀರಿ ಟೀಚರಮ್ಮ," ಎಂದರು ನಂಜಪ್ಪನವರು. ಅಷ್ಟು ಹೊತ್ತಿಗೆ ಅವರು ಆಡಿದ ಮೊದಲ ಮಾತು. ಎದ್ದು ನಿಂತು ಟವೆಲ್ ಹೆಗಲ ಮೇಲಿಂದ ತೆಗೆದರು. "ನೀವ್ ಎಲ್ಲೂ ಹೋಗ್ಬ್ಯಾಡಿ. ಹೋದ್ರೆ ನಮ್ ಮಕ್ಕಳ್ಗೆ ಕನ್ನಡ ಹೇಳ್ಕೊಡೋಕೆ ಯಾರ್ ಬತ್ತಾರೆ? ಹಗ್ಗ ಹೋದ್ರೆ ಹೋಗ್ಲಿ. ನಾನು ಮರ ಹತ್ತಿದ್ದು ನಿಜ."

ಊರು ಇನ್ನೊಂದು ಹೆಜ್ಜೆ ಹತ್ತಿರ ಸರಿಯಿತು.

"ಆದ್ರೆ ಆಲದ ಮರ ಅಲ್ಲ. ಹಲಸಿನ್ ಮರ. ಪರಸಪ್ಪನೂ ಹತ್ತಿದ್ದ. ನನ್ ಹೆಗಲ್ ಮ್ಯಾಲೆ ಕಾಲಿಕ್ಕಿ ನನ್ಗಿಂತ ಮ್ಯಾಲಕ್ಕೆ ಹೋಗ್ಬುಟ್ಟ. ಹತ್ತಿದ್ ಮ್ಯಾಲೆ ಗೊತ್ತಾಯ್ತು, ಆನೆ ಬಂದಿದ್ದೇ ಆ ಮರದ್ ಹಣ್ಣಿಗೆ ಅಂತ."

ಮುನಿಕೃಷ್ಣಪ್ಪ ಹಣೆ ಚಚ್ಚಿಕೊಂಡ. "ಹಲಸಿನ್ ಮರಾನೇ ಬೇಕಿತ್ತಾ ನಿನ್ಗೆ?"

"ಅವಸರದಲ್ಲಿ ಯಾವ್ ಮರ ಅಂತ ಯಾರ್ ನೋಡ್ತಾರ್ಲಾ? ಅದು ಬುಡದಲ್ಲಿ ನಿಂತು ಮರಾನ ಉಜ್ಜೋದು, ನಾವು ಮ್ಯಾಲೆ ಅಲ್ಲಾಡೋದು. ಕಡೀಗೆ ನಾವೇ ಹಣ್ಣು ಕಿತ್ತು ಕಿತ್ತು ಹಾಕಿದ್ವಿ. ಮದ್ವೆ ಮನೇಲಿ ಬಡಿಸ್ದಂಗೆ. ಅದು ತಿನ್ನೋದು, ತಲೆ ಎತ್ತಿ ನೋಡೋದು, ನಾವು ಇನ್ನೊಂದ್ ಹಾಕೋದು. ಮಧ್ಯಾನದ ಗಂಟ ಬಡ್ಸಿದ್ವಿ. ಹೊಟ್ಟೆ ತುಂಬ್ತು, ಹೋಯ್ತು. ಯಾರೂ ಯಾರ ಕಾಲ್ಗೂ ಬೀಳ್ಲಿಲ್ಲ. ದೊಡ್ ದೊರೆ ಅವತ್ತು ಡೆಂಕಣಿಕೋಟೆಗೆ ಹೋಗಿದ್ದ. ನಮ್ಮಿಬ್ರ ಚಡ್ಡೀನೂ ಒದ್ದೆ ಆಗಿತ್ತು, ಇನ್ನೇನ್ ಮುಚ್ಚಿಡೋದು."

ಮಕ್ಕಳು ನಕ್ಕರು. ದೊಡ್ಡವರು ನಗಬಾರದೆಂದು ಕೆಮ್ಮಿದರು.

"ಇಳಿಯೋಕ್ ಮುಂಚೆ ಇಬ್ರೂ ಮಾತಾಡ್ಕೊಂಡ್ವಿ. ಅವ್ನಿಗೆ ಆಯಾ ಹೇಳ್ಕೊಟ್ಟಿದ್ ಕನ್ನಡ ಅಷ್ಟಿಷ್ಟು ಬತ್ತಿತ್ತು. ಮರ ಹತ್ತಿದ್ದು ಯಾರ್ಗೂ ಹೇಳೋದ್ ಬ್ಯಾಡ. ನಿಮ್ಮೋರ್ಗೆ ನೀನು ಆನೆ ಓಡ್ಸಿದೆ ಅಂತ ಹೇಳ್ಕೋ, ನಮ್ಮೋರ್ಗೆ ನಾನು ಓಡ್ಸಿದೆ ಅಂತ ಹೇಳ್ಕೊತೀನಿ. ಅವ್ನು ಅವ್ರ ಪದ್ಧತೀಲಿ ಕೈ ಕೊಟ್ಟ, ನಾನೂ ಕೊಟ್ಟೆ. ಕೈ ತುಂಬ ಹಲಸಿನ್ ಮೇಣ. ಎರಡೂ ಕೈ ಅಂಟ್ಕೊಂಡ್ಬುಡ್ತು. ಕೊಬ್ರಿ ಎಣ್ಣೆ ಹಾಕಿ ಬಿಡಿಸ್ಕೊಳ್ಳೋಗಂಟ ಜೊತೇಲೇ ಓಡಾಡಿದ್ವಿ." ನಂಜಪ್ಪನವರು ತಮ್ಮ ಬಲಗೈ ನೋಡಿಕೊಂಡರು. "ಐವತ್ನಾಕು ವರ್ಷ ಆಯ್ತು. ಈಗ ಕವರ್ ಒಡೀರಿ ಟೀಚರಮ್ಮ. ಅವ್ನೂ ಇದನ್ನೇ ಬರ್ದಿರ್ತಾನೆ."

ನಾನು ಲಕೋಟೆ ಒಡೆದೆ. ಒಂದೇ ಹಾಳೆ. ಈ ಸಲ ನಾಲಿಗೆಯನ್ನು ಬಿಗಿಹಿಡಿದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಪ್ರಿಯ ನಂಜಪ್ಪ, ನೀನು ಬದುಕಿರುವೆ ಎಂದು ನಂಬಿ ಬರೆಯುತ್ತಿದ್ದೇನೆ. ಈ ಪುಸ್ತಕ ಬರೆದದ್ದು ನನ್ನ ತಾಯಿ. ನಾನು ಹೇಳಿದ್ದನ್ನು ನಂಬಿದಳು. ಬಾವುಟವನ್ನೂ ನೀನು ಮರ ಹತ್ತಿ ನಡುಗಿದ್ದನ್ನೂ ಅವಳೇ ಕಲ್ಪಿಸಿ ಸೇರಿಸಿದಳು, ಅದಕ್ಕೆ ಕ್ಷಮೆ ಇರಲಿ. ಇಲ್ಲಿಯ ಮಕ್ಕಳು ಬಹಳ ವರ್ಷ ಇದನ್ನು ಓದಿದರು. ಶಾಲೆಗಳಿಗೆ ನನ್ನನ್ನು ಕರೆದು ಚಪ್ಪಾಳೆ ತಟ್ಟಿದರು. ನಾನು ನಮ್ಮ ಕರಾರನ್ನು ಮುರಿಯಲಿಲ್ಲ. ನಾವಿಬ್ಬರೂ ಮರ ಹತ್ತಿದ ವಿಷಯ ನನ್ನ ಹೆಂಡತಿಗೂ ಹೇಳಿಲ್ಲ. ಯಾರಾದರೂ ಕೈ ಕುಲುಕಿದಾಗಲೆಲ್ಲ, ಕೈ ಅಂಟಿಕೊಳ್ಳದೆ ಬಿಟ್ಟುಹೋದಾಗ, ನನಗೆ ನಿನ್ನ ನೆನಪಾಗುತ್ತದೆ. ನೀನೂ ಯಾರಿಗೂ ಹೇಳಿಲ್ಲವೆಂದು ನನಗೆ ಪೂರ್ತಿ ನಂಬಿಕೆ ಇದೆ. ಒಂದೇ ಒಂದು ಕೋರಿಕೆ. ದಯವಿಟ್ಟು ಈ ಕಾಗದವನ್ನು ಯಾರೂ ಇಲ್ಲದಾಗ ಓದು. ನಿನ್ನ ಪರ್ಸಿ."

ಎರಡು ಊರು, ನೂರಕ್ಕೂ ಹೆಚ್ಚು ಜನ, ಮಿಕಮಿಕ ನೋಡುತ್ತಾ ಕೂತಿದ್ದರು. ಒಂದು ನಾಯಿಯೂ ಇತ್ತು.

"ಅಯ್ಯೋ ಶಿವನೇ," ಎಂದರು ನಂಜಪ್ಪನವರು. ಕಟ್ಟೆಯ ಮೇಲೆ ಕುಸಿದು ಕೂತರು. "ಅವ್ನು ಹೆಂಡ್ತಿಗೂ ಹೇಳಿಲ್ವಂತೆ. ನಾನು ಎರಡೂರಿಗೆ ಹೇಳ್ಬುಟ್ನಲ್ಲ! ಕೊಟ್ಟ ಮಾತು ನಾನೇ ಮುರಿದ್ಬುಟ್ನಲ್ಲ!" ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಹಗ್ಗ ಹೋಗುವಾಗ ಬಾರದ ನೀರು ಅದು.

"ನನ್ಗೂ ಹೇಳಿರ್ಲಿಲ್ವಲ್ಲ ನೀನು," ಎಂದರು ಭದ್ರಮ್ಮನವರು, ಅವರೆಕಾಳಿನಿಂದ ಕಣ್ಣೆತ್ತದೆ. "ಆದ್ರೂ ಮದ್ವೆಯಾದ್ ವಾರಕ್ಕೇ ನನ್ಗೆ ಗೊತ್ತಾಗಿತ್ತು. ಇಲಿ ಕಂಡ್ರೆ ಅಟ್ಟ ಹತ್ತೋನು ಆನೆ ಓಡಿಸ್ತಾನಾ? ಪಾಪ, ವರ್ಷಕ್ಕೊಂದ್ ದಿನ ಬಿಳೀ ಅಂಗಿ ಹಾಕ್ಕೊಂಡು ಸಂತೋಸವಾಗಿರ್ತಾನೆ, ಇರ್ಲಿ ಅಂತ ಸುಮ್ಕಿದ್ದೆ."

ಜಯರಾಮಯ್ಯ ಗಂಟಲು ಸರಿಮಾಡಿಕೊಂಡರು. "ಏನೇ ಇರ್ಲಿ, ಮಾತಾಗೈತೆ. ಈ ಸಲ ಹಗ್ಗ..."

"ನಿಮ್ಗೇ ಕೊಡೋಣ ಅಯ್ಯಾ," ಎಂದರು ಭದ್ರಮ್ಮನವರು. "ಒಂದ್ ಮಾತ್ ಹೇಳ್ಬುಡಿ. ಇವತ್ತು ನಿಜ ಹೇಳೋ ದಿನ. ಹನ್ನೊಂದ್ ದಿನ ಜೈಲ್ಗೆ ಹಾಕಿದ್ದು ಯಾತಕ್ಕೆ?"

ಜಯರಾಮಯ್ಯ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಧಾರ ಕೇಳುವವರಿಗೆ ಯಾರೂ ಆಧಾರ ಕೇಳಿರಲಿಲ್ಲ ಅಂತ ಕಾಣುತ್ತದೆ. "ರೈಲಲ್ಲಿ ಟಿಕೆಟ್ ತಗೊಂಡಿರ್ಲಿಲ್ಲ," ಎಂದರು ಕೊನೆಗೆ. "ಆದ್ರೆ ಒಳಗ್ ಹೋದ್ ಮ್ಯಾಲೆ ಎಲ್ರ ಜೊತೆ ಜೈಕಾರ ಕೂಗಿದೀನಿ. ಅದ್ ನಿಜ. ಆಣೆ ಮಾಡ್ತೀನಿ."

ಆಮೇಲೆ ಎದ್ದ ನಗುವಿಗೆ ಅರಳಿಮರದ ಕಾಗೆಗಳೆಲ್ಲ ಹಾರಿಹೋದವು. ಜಯರಾಮಯ್ಯನೂ ನಕ್ಕರು. ನಂಜಪ್ಪನವರು ಮಾತ್ರ ನಗಲಿಲ್ಲ.

"ಟೀಚರಮ್ಮ, ಅವ್ನಿಗೊಂದ್ ಕಾಗ್ದ ಬರೀರಿ. ನಾನು ಯಾರ್ಗೂ ಹೇಳಿಲ್ಲ ಅಂತ ಬರೀರಿ. ಇಲ್ದಿದ್ರೆ ಪರಸಪ್ಪ ನೊಂದ್ಕೊತಾನೆ."

"ಹೇಳಿಬಿಟ್ಟಿದ್ದೀರಲ್ಲ ನಂಜಪ್ಪನವರೇ!"

"ಊರೆಲ್ಲ ಸೇರಿ ಬಾಯಿ ಮುಚ್ಕೊಂಡ್ರೆ ಹೇಳ್ದಂಗೇ ಅಲ್ವಾ?"

ಊರು ಅದನ್ನು ಗಂಭೀರವಾಗಿ ಯೋಚಿಸಿ ಹೌದೆಂದಿತು. ನಾನು ಅಲ್ಲಿಯೇ ಕೂತು ಇಂಗ್ಲಿಷಿನಲ್ಲಿ ಬರೆದೆ. "ಪ್ರಿಯ ಪರಸಪ್ಪ, ಪುಸ್ತಕ ತಲುಪಿತು. ಮರದ ವಿಷಯ ನಾನು ಯಾರಿಗೂ ಹೇಳಿಲ್ಲ. ನನ್ನ ಕೈಗೆ ಇನ್ನೂ ಹಲಸಿನ ಮೇಣದ ವಾಸನೆ ಇದೆ. ನಂಜಪ್ಪ." ಅವರು ಹೆಬ್ಬೆಟ್ಟು ಒತ್ತಿದರು.

"ಸಾಕ್ಷಿ ಇಲ್ದೆ ಪತ್ರ ನಿಲ್ಲಲ್ಲ," ಎಂದರು ಜಯರಾಮಯ್ಯ. ಗುಮಾಸ್ತೆಯ ಬುದ್ಧಿ ಎಲ್ಲಿ ಹೋಗುತ್ತದೆ? "ಯಾರ್ಗೂ ಹೇಳಿಲ್ಲ ಅನ್ನೋಕೆ ಆಧಾರ ಬೇಕು."

ಹೌದೌದು ಎಂದರು ಎಲ್ಲರೂ. ಜಮೀನಿನ ಪತ್ರಕ್ಕೇ ಇಬ್ಬರು ಸಾಕ್ಷಿ ಬೇಕು, ಇದು ಸಮುದ್ರ ದಾಟಿ ಹೋಗುವ ಕಾಗದ. ಶಾಲೆಯಿಂದ ಇಂಕ್ ಪ್ಯಾಡ್ ತರಿಸಿದರು. "ನಂಜಪ್ಪನವರು ಮರ ಹತ್ತಿದ ವಿಷಯವನ್ನು ನಮಗೆ ಯಾರಿಗೂ ಹೇಳಿರುವುದಿಲ್ಲವೆಂದು ಕೆಳಗೆ ಸಹಿ ಹಾಕಿದ ನಾವು ದೃಢಪಡಿಸುತ್ತೇವೆ" ಎಂದು ಜಯರಾಮಯ್ಯ ತಾವೇ ಕೈಯಾರ ಇಂಗ್ಲಿಷಿನಲ್ಲಿ ಬರೆದು, ಮೊದಲ ಸಹಿ ಹಾಕಿದರು. ಆಮೇಲೆ ಮುನಿಕೃಷ್ಣಪ್ಪ, ಕದಿರಮ್ಮ, ಎರಡೂ ಊರಿನವರು, ಮಕ್ಕಳು. ಒಟ್ಟು ನೂರಾ ಹದಿನಾಲ್ಕು. ನಾನೂ ಹಾಕಿದೆ. ಹಾಕದೆ ಏನು ಮಾಡಲಿ?

ಆ ವರ್ಷದ ಹಗ್ಗವನ್ನು ಭದ್ರಮ್ಮನವರು ಎಳೆದರು. ನಲವತ್ತೈದು ವರ್ಷ ಆ ಆನೆಯ ಜೊತೆ ಸಂಸಾರ ಮಾಡಿದವರಿಗಿಂತ ಧೈರ್ಯಸ್ಥರು ಎರಡೂ ಊರಿನಲ್ಲಿ ಸಿಗಲಿಲ್ಲ. ನಂಜಪ್ಪನವರು ಬಿಳಿ ಅಂಗಿ ತೊಟ್ಟು ಜಯರಾಮಯ್ಯನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ನಾಟಕವನ್ನು ನಾನು ತಿದ್ದಿ ಬರೆದೆ. ಬಾವುಟ ಕಿತ್ತುಹಾಕಿದೆ. ಬೆಂಚಿನ ಮೇಲೆ ಬೆಂಚಿಟ್ಟು ಮರ ಮಾಡಿದೆವು, ಮೇಲೆ ಇಬ್ಬರು ಹುಡುಗರು, ಕೆಳಗೆ ಆನೆ. ಹುಡುಗರ ಹೆಸರು ಮಾತ್ರ ಬದಲಾಯಿಸಿದೆ, ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ. ಮೂರು ಹಲಸಿನ ಹಣ್ಣು ಹೇಗೋ ಹುಡುಕಿ ತಂದಿದ್ದರು. ಆನೆಯ ಒಳಗಿದ್ದ ಮಂಗಮ್ಮ ನಿಜವಾಗಿಯೂ ತೊಳೆ ತಿಂದು ತೇಗಿದಾಗ ಬಿದ್ದ ಚಪ್ಪಾಳೆ ನನ್ನ ಬಾವುಟಕ್ಕೆ ಯಾವ ವರ್ಷವೂ ಬಿದ್ದಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮುಂದಿನ ಜನವರಿಯಲ್ಲಿ ಉತ್ತರ ಬಂತು. ಕಟ್ಟೆಯ ಮೇಲೆ ಒಡೆದೆ. ಪರಸಪ್ಪ ದೊರೆ ಬರೆದಿದ್ದ. "ಪ್ರಿಯ ನಂಜಪ್ಪ, ನೀನು ಯಾರಿಗೂ ಹೇಳಿಲ್ಲವೆಂದು ನೂರಾ ಹದಿನಾಲ್ಕು ಜನ ಸಾಕ್ಷಿ ಹೇಳಿದ್ದನ್ನು ಓದಿ ನನ್ನ ಮನಸ್ಸಿನ ಭಾರ ಇಳಿಯಿತು. ಮೂರು ದಿನ ನಕ್ಕೆ. ನಾನೂ ಯಾರಿಗೂ ಹೇಳಿಲ್ಲ. ನನ್ನ ಹೆಂಡತಿ, ಮಕ್ಕಳು, ಅಕ್ಕಪಕ್ಕದವರು ಕೆಳಗೆ ಸಾಕ್ಷಿ ಹಾಕಿದ್ದಾರೆ."

ಕೆಳಗೆ ಸಾಲಾಗಿ ಸಹಿಗಳಿದ್ದವು. ನಂಜಪ್ಪನವರು ಹತ್ತಿರ ಬಂದು ಕಾಗದದ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಆಡಿಸಿದರು.

"ಎಷ್ಟ್ ಜನ ಹಾಕವ್ರೆ ಟೀಚರಮ್ಮ?"

"ಒಂಬತ್ತು."

"ನಮ್ದು?"

"ನೂರಾ ಹದಿನಾಲ್ಕು."

ನಂಜಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಗೆದ್ವಿ ಬುಡಿ," ಎಂದು ಹೊಲಕ್ಕೆ ಹೊರಟರು.